ಜಂತಿಯ ಕೆಳಗಿನ ಗಾಳಿ

ಬೆಲ್ಲದ ಬಾಗೇವಾಡಿಯಲ್ಲಿ ಹಿಟ್ಟಿನ ಗಿರಣಿಯ ಧರಣೇಂದ್ರ ಎಂದರೆ ಗೊತ್ತಿಲ್ಲದವರಿರಲಿಲ್ಲ. ಉದ್ದ ಮುಖ, ಸದಾ ಹಿಟ್ಟು ಮೆತ್ತಿಕೊಂಡ ಹುಬ್ಬು, ಎಷ್ಟೇ ಸಿಟ್ಟು ಬಂದರೂ ಏರದ ದನಿ. ಜೋಳ ಬೀಸಿಸಲು ಬಂದ ಹೆಣ್ಣುಮಕ್ಕಳು ಅವನ ತಕ್ಕಡಿಯನ್ನು ಎರಡನೇ ಸಲ ನೋಡುತ್ತಿರಲಿಲ್ಲ. ಅವನು ಸುಳ್ಳು ಹೇಳಿದ್ದನ್ನು ಕೇಳಿದವರು ಊರಿನಲ್ಲಿ ಒಬ್ಬರೂ ಇರಲಿಲ್ಲ. ಹಾಗೆಂದು ಅವನನ್ನು ಹೊಗಳಿ ಮುಗಿಸುವುದಕ್ಕೆ ಈ ಕಥೆ ಹೇಳುತ್ತಿಲ್ಲ. ಬಾಯಿ ಬಿಟ್ಟು ಸುಳ್ಳು ಹೇಳದ ಮನುಷ್ಯ ಬಾಯಿ ಮುಚ್ಚಿಕೊಂಡೇ ಇನ್ನೊಬ್ಬನ ಮನೆ ಹಾಳು ಮಾಡಬಲ್ಲ. ಅದು ಅವನಿಗೆ ತಿಳಿದದ್ದು ತಡವಾಗಿ.

ತಂದೆ ತೀರಿಕೊಂಡ ಮೇಲೆ ಗಿರಣಿ ಅಣ್ಣತಮ್ಮಂದಿರ ಕೈಗೆ ಬಂತು. ಧರಣೇಂದ್ರ ಹಿರಿಯ. ಧನಪಾಲ ಕಿರಿಯವನು, ಒಂದು ಕಡೆ ಕೂತು ಗೊತ್ತಿಲ್ಲದವನು. ಸ್ವಾತಂತ್ರ್ಯ ಬಂದು ನಾಲ್ಕು ವರ್ಷವಾಗಿದ್ದರೂ ಊರಿಗೆ ಕರೆಂಟು ಬಂದಿರಲಿಲ್ಲ. ಕರೆಂಟಿಗಿಂತ ಮೊದಲು ಬ್ಯಾಟರಿಗಳು ಬಂದಿದ್ದವು. ಪಂಚಾಯತಿಯ ರೇಡಿಯೋಕ್ಕೆ ಬ್ಯಾಟರಿ, ಲಗ್ನದ ಲೌಡ್‌ಸ್ಪೀಕರಿಗೆ ಬ್ಯಾಟರಿ, ಲಾರಿಯವರಿಗೆ ಬ್ಯಾಟರಿ. ಅವು ಖಾಲಿಯಾದರೆ ಚಕ್ಕಡಿಯಲ್ಲಿ ಹೇರಿ ಗೋಕಾಕದವರೆಗೆ ಒಯ್ಯಬೇಕಿತ್ತು. "ಅಣ್ಣಾ, ನಮ್ಮ ಇಂಜಿನ್ನ ದಿನಾ ತಿರಗತೈತಿ. ಬಾಜೂಕ ಒಂದ ಡೈನಮೋ ಕುಂಡ್ರಿಸಿ ಪಟ್ಟಾ ಹಾಕಿದರ ಆತು, ಹಿಟ್ಟಿನ ಸಂಗ್ಟ ಕರೆಂಟೂ ಬರತೈತಿ" ಎಂದ ಧನಪಾಲ. ಅವನು ಒಂದು ಹಿಡಿದರೆ ಬಿಡುವವನಲ್ಲ. ಆ ವರ್ಷವೇ ಗಿರಣಿಯ ಹಿಂದಿನ ಕೋಣೆಯಲ್ಲಿ ಬ್ಯಾಟರಿ ಚಾರ್ಜ್ ಮಾಡುವ ಕೆಲಸ ಸುರುವಾಯಿತು.

ಅದು ಮಣ್ಣಿನ ಮೇಲ್ಮುದ್ದೆಯ, ತಗ್ಗಾದ ಚಾವಣಿಯ ಕೋಣೆ. ಒಂದೇ ಬಾಗಿಲು, ಮೇಲೆ ಒಂದು ಬೆಳಕಿಂಡಿ. ಗೋಡೆಗೆ ಕಟ್ಟಿಗೆಯ ಹಲಗೆಗಳನ್ನು ಜಂತಿಯವರೆಗೂ ಹೊಡೆದು ಬ್ಯಾಟರಿಗಳನ್ನು ಸಾಲಾಗಿ ಇಟ್ಟಿದ್ದರು. ಮುಚ್ಚಳ ಬಿಚ್ಚಿದ ಬ್ಯಾಟರಿಗಳೊಳಗೆ ಆ್ಯಸಿಡ್ಡಿನ ನೀರು ಇಡೀ ದಿನ ಗುಳುಗುಳು ಎನ್ನುತ್ತಿತ್ತು. ಕೂಡಿಸಿಕೊಟ್ಟ ಗೋಕಾಕದ ಫಿಟ್ಟರ್ ಹೋಗುವಾಗ, "ಬಾಗಲಾ ತಗದಿರ್ರಿ, ಬೆಳಕಿಂಡಿ ತಗದಿರ್ರಿ, ಒಳಗ ಬೆಂಕಿ ಒಯ್ಯಬ್ಯಾಡ್ರಿ. ಗ್ಯಾಸ್ ಬರತೈತಿ" ಎಂದಷ್ಟೇ ಹೇಳಿದ. ಯಾವ ಗ್ಯಾಸು, ಎಂಥದು ಎಂದು ಅವನು ಹೇಳಲಿಲ್ಲ, ಇವರು ಕೇಳಲಿಲ್ಲ. ಕೋಣೆಗೆ ಕಾಲಿಟ್ಟರೆ ಗಂಟಲು ಕೆರೆಯುವ ಆ್ಯಸಿಡ್ಡಿನ ವಾಸನೆಯೇ ಗ್ಯಾಸು ಎಂದುಕೊಂಡರು. ಬಾಗಿಲು ತೆರೆದಿಟ್ಟರೆ ಆ ವಾಸನೆ ಹೋಗುತ್ತಿತ್ತು. ವಾಸನೆ ಹೋಯಿತೆಂದರೆ ಅಪಾಯವೂ ಹೋಯಿತು ಎಂಬ ಲೆಕ್ಕ.

ಅವರ ತಾಯಿ ಜಿನ್ನವ್ವ. ನೀರನ್ನು ಮೂರು ಪದರದ ಬಟ್ಟೆಯಲ್ಲಿ ಸೋಸದೆ ಬಾಯಿಗೆ ಹಾಕಿದವಳಲ್ಲ, ಹೊತ್ತು ಮುಳುಗಿದ ಮೇಲೆ ಅನ್ನ ಮುಟ್ಟಿದವಳಲ್ಲ. ಚಾತುರ್ಮಾಸ ಬಂದರೆ ಆಕೆಯ ನೇಮ ಇನ್ನೂ ಬಿಗಿಯಾಗುತ್ತಿತ್ತು. ನೆಲದ ಮೇಲೆ ಹುಳಹುಪ್ಪಡಿ ಹೆಚ್ಚುವ ಕಾಲ, ಗೊತ್ತಿಲ್ಲದೆ ತುಳಿದೇನೆಂದು ಆ ನಾಲ್ಕು ತಿಂಗಳು ಊರಿನ ಸೀಮೆ ದಾಟುತ್ತಿರಲಿಲ್ಲ. ಎರಡನೇ ವರ್ಷದ ಮಳೆಗಾಲದಲ್ಲಿ ಒಂದು ಬೆಳಗ್ಗೆ ಆಕೆ ಆ ಕೋಣೆಗೆ ಹೋಗಿ ನೋಡಿದಳು. ಬೆಳಕಿಂಡಿಯಿಂದ ಇಳಿದ ರೆಕ್ಕೆಹುಳುಗಳು ಬ್ಯಾಟರಿಯ ಬಾಯಿಗಳಲ್ಲಿ ಬಿದ್ದು, ಕಾಲು ಮುದುಡಿಕೊಂಡು ತೇಲುತ್ತಿದ್ದವು. ಅವತ್ತು ಆಕೆ ಊಟ ಮಾಡಲಿಲ್ಲ. ಮರುದಿನವೂ ಮಾಡಲಿಲ್ಲ.

"ನಮ್ಮ ಅನ್ನದಾಗ ಇಷ್ಟು ಜೀವದ ಪಾಪ ಬೀಳಾಕತ್ತೈತಿ. ಏನರ ಮಾಡ್ರಪಾ" ಎಂದಳು.

ಧನಪಾಲ ನಕ್ಕ. "ಮುಚ್ಚಿಬಿಡೂಣ ಬಿಡಬೇ. ಮಳಿ ಹನಿನೂ ನಿಂದರತೈತಿ, ಹುಳಾನೂ ನಿಂದರತಾವು."

ಜಿನ್ನವ್ವ ತಾನೇ ಮೇಣಬಟ್ಟೆಯನ್ನು ಎರಡು ಪದರ ಮಾಡಿ ಹೊಲಿದು ಕೊಟ್ಟಳು. ಧನಪಾಲ ಮಾಳಿಗೆ ಹತ್ತಿ ಅದನ್ನು ಬೆಳಕಿಂಡಿಗೆ ಹಾಸಿ ಬಿಗಿದ. ಕೆಳಗೆ ನಿಂತ ತಾಯಿ, ಅಂಚಿಗೆಲ್ಲ ಮಣ್ಣು ಮೆತ್ತು, ಇರುವೆಯೂ ನುಸುಳಬಾರದು ಎಂದಳು. ಅವನು ಹಾಗೇ ಮೆತ್ತಿದ. ಬಾಗಿಲು ತೆರೆದೇ ಇದೆಯಲ್ಲ ಎಂದು ಧರಣೇಂದ್ರನೂ ಸುಮ್ಮನಾದ. ಆ ರಾತ್ರಿ ಜಿನ್ನವ್ವ ನೆಮ್ಮದಿಯಿಂದ ನಿದ್ದೆ ಮಾಡಿದಳು.

ಶ್ರಾವಣದ ಒಂದು ಮಧ್ಯಾಹ್ನ. ಮಳೆ ಬಿಡುವು ಕೊಟ್ಟಿತ್ತು, ಬಿಸಿಲು ಹೊಡೆಯುತ್ತಿತ್ತು. ಪಂಚಾಯತಿಯ ರೇಡಿಯೋದ ಬ್ಯಾಟರಿ ತುರ್ತಾಗಿ ಬೇಕೆಂದು ಕರೆ ಬಂತು. ಅದು ಎಲ್ಲಕ್ಕಿಂತ ಮೇಲಿನ ಹಲಗೆಯಲ್ಲಿತ್ತು. ಧನಪಾಲ ಸ್ಟೂಲು ಹತ್ತಿ, ಇಂಜಿನ್ನು ತಿರುಗುತ್ತಿರುವಾಗಲೇ ತಂತಿಯ ಕ್ಲಿಪ್ಪನ್ನು ಬಿಚ್ಚಿದ. ದಿನಾ ಹಾಗೇ ಬಿಚ್ಚುತ್ತಿದ್ದ, ದಿನಾ ಒಂದು ಸಣ್ಣ ಕಿಡಿ ಹಾರುತ್ತಿತ್ತು. ಅವತ್ತೂ ಹಾರಿತು.

ಸಪ್ಪಳಕ್ಕೆ ಬೇವಿನ ಮರದ ಹಕ್ಕಿಗಳೆಲ್ಲ ಎದ್ದು ಹೋದವು. ಮೇಲ್ಮುದ್ದೆ ಒಮ್ಮೆ ಮೇಲೆದ್ದು ಒಳಗೆ ಕುಸಿಯಿತು. ಹೊರಗೆ ಗೋಡೆಗೆ ಆನಿಕೊಂಡು ಕೂತಿದ್ದ ಆಳುಮಗ ಮಾಯಪ್ಪ, ಒಂದು ಕಿವಿಯಲ್ಲಿ ರಕ್ತ ಸುರಿಯುತ್ತಿದ್ದರೂ ಒಳಗೆ ನುಗ್ಗಿ, ಆ್ಯಸಿಡ್ಡು ಚೆಲ್ಲಿದ ಮಣ್ಣನ್ನು ಬರಿಗೈಯಿಂದ ತೋಡಿ ಧನಪಾಲನನ್ನು ಹೊರಗೆಳೆದ. ಎಳೆದದ್ದು ಹೆಣವನ್ನು.

ಓಡಿಬಂದ ಜನ ನೋಡಿದ್ದು ಬೇರೆಯೇ. ಇಷ್ಟು ದೊಡ್ಡ ಸಪ್ಪಳವಾಗಿದೆ, ಆದರೆ ಹೊಗೆ ಇಲ್ಲ. ಮಸಿ ಇಲ್ಲ. ಮಣ್ಣಿನಲ್ಲಿ ಬಿದ್ದ ಜಂತಿಗಳು ಕರಕಲಾಗಿರಲಿಲ್ಲ. ನಿಂತಿದ್ದ ಒಂದೇ ಗೋಡೆಯ ಮೇಲೆ ಡೈನಮೋದ ಕರೆಂಟು ಅಳೆಯುವ ಮೀಟರು ಹಾಗೇ ಉಳಿದಿತ್ತು, ಅದರ ಗಾಜು ಬೆವರಿತ್ತು. ಬಿಸಿಲಿನ ಹೊತ್ತಿನಲ್ಲಿ ಬೆವರಿದ ಆ ಗಾಜನ್ನು ಧರಣೇಂದ್ರ ಬೆರಳಿನಿಂದ ಒರೆಸಿದ. ತಮ್ಮನ ಹೆಣ ಅಲ್ಲೇ ಇರುವಾಗ ಯಾಕೆ ಹಾಗೆ ಮಾಡಿದನೋ ಅವನಿಗೇ ತಿಳಿಯಲಿಲ್ಲ. ಬೆರಳಿಗೆ ನೀರು ಹತ್ತಿತು.

ಊರು ಎರಡು ಭಾಗವಾಯಿತು. ಹೊಗೆ ಇಲ್ಲದೆ ಸುಡುವುದು ದೆವ್ವವಲ್ಲದೆ ಇನ್ನೇನು ಎಂದವರು ಕೆಲವರು. ಕೈಗೂಸಿನ ತಾಯಂದಿರು ಗಿರಣಿಯ ಹಿಂದಿನ ಹಾದಿ ಬಿಟ್ಟರು. ಇನ್ನುಳಿದವರಿಗೆ ಬಾಗಿಲ ಹತ್ತಿರ ಒಂದು ಬೀಡಿಯ ತುಂಡು ಸಿಕ್ಕಿತ್ತು. ಬೀಡಿ ಮಾಯಪ್ಪನದು. ಆ್ಯಸಿಡ್ಡಿನಿಂದ ಸುಟ್ಟ ಅವನ ಅಂಗೈಗಳನ್ನು ತೋರಿಸಿ, "ಬೆಂಕಿ ಹಚ್ಚಿದಾವನ ಕೈ ನೋಡ್ರಿ" ಎಂದರು. ಒಬ್ಬನನ್ನು ಉಳಿಸಲು ಹೋಗಿ ಸುಟ್ಟುಕೊಂಡ ಕೈಯನ್ನೇ ಸಾಕ್ಷಿ ಮಾಡಿದ ಜನಕ್ಕೆ ಏನನ್ನೋಣ! ಪೊಲೀಸರು ಬಂದು ಹೋದರು, ಹಿಡಿಯಲಿಲ್ಲ. ಆದರೆ ಯಾರ ಬಣವೆಯ ಹತ್ತಿರವೂ ಅವನನ್ನು ನಿಲ್ಲಗೊಡಲಿಲ್ಲ. 'ಬೆಂಕಿ ಮಾಯಪ್ಪ' ಎಂದು ಹೆಸರಿಟ್ಟರು. ಅವನು ಹೆಂಡತಿ ಸತ್ತೆವ್ವ ಮತ್ತು ಮಗಳನ್ನು ಕರೆದುಕೊಂಡು ಮೂಡಲಗಿಯ ಕಡೆ, ಹೆಂಡತಿಯ ತವರಾದ ತುಕ್ಕಾನಟ್ಟಿಗೆ ಹೊರಟುಹೋದ.

ಜಿನ್ನವ್ವ ದೆವ್ವದ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. "ಜೀವ ದೇಹ ಬಿಟ್ಟ ಗಳಿಗಿಗೇ ಇನ್ನೊಂದು ದೇಹಕ್ಕ ಹೊಕ್ಕೈತಿ. ನನ್ನ ಮಗ ಇಲ್ಲಿ ನಿಂತು ಯಾರನ್ನ ಕಾಡಬೇಕು?" ಎನ್ನುತ್ತಿದ್ದಳು. ಆ ಹಾಳು ಗೋಡೆಯ ಪಕ್ಕದಿಂದಲೇ ದಿನಾ ಬಸದಿಗೆ ಹೋಗಿ ಬರುತ್ತಿದ್ದಳು. ಆದರೆ ಮಾಯಪ್ಪನ ಹೆಸರು ಕೇಳಿದರೆ ಮುಖ ಕಲ್ಲಾಗುತ್ತಿತ್ತು. ಪ್ರತಿ ಭಾದ್ರಪದದಲ್ಲಿ ಕ್ಷಮಾವಳಿಯ ದಿನ ನೆರೆಹೊರೆಯವರ ಮುಂದೆ, ದನಕರುಗಳ ಮುಂದೆ, ಅಂಗಳದ ಇರುವೆಗಳ ಮುಂದೆಯೂ ಕೈಮುಗಿದು ತಪ್ಪಾಗಿದ್ದರೆ ಕ್ಷಮಿಸಿ ಎನ್ನುವ ಆಕೆ, "ಆ ಮಾಯಪ್ಪನ ಕೈ ಕೊಳತು ಬೀಳಲಿ" ಎಂದದ್ದನ್ನು ಧರಣೇಂದ್ರ ಕಿವಿಯಾರೆ ಕೇಳಿದ. ತಮ್ಮನ ಸಾವಿನಷ್ಟೇ ಆ ಮಾತೂ ಅವನನ್ನು ಕೊರೆಯಿತು.

ಅವನನ್ನು ಕಾಡಿದ್ದು ದೆವ್ವವಲ್ಲ, ಸಪ್ಪಳ. ಒಲೆಯ ಮೇಲೆ ಅನ್ನ ಕುದ್ದರೆ ಗುಳುಗುಳು. ಹುಕ್ಕಾ ಎಳೆಯುವವರ ಪಕ್ಕ ಕೂತರೆ ಗುಳುಗುಳು. ಅವನು ತಟ್ಟನೆ ಎದ್ದು ಹೊರಗೆ ಹೋಗಿಬಿಡುತ್ತಿದ್ದ. ಅವನ ಹೆಂಡತಿ ಇಂದುಬಾಯಿ ಗಂಡ ಗಿರಣಿಗೆ ಹೋದ ಮೇಲೆಯೇ ಅಕ್ಕಿಗೆ ಎಸರಿಡುವುದನ್ನು ರೂಢಿ ಮಾಡಿಕೊಂಡಳು. ಕೆಲವು ಸಲ ಏನೂ ಕುದಿಯದಿದ್ದರೂ ಅವನಿಗೆ ಆ ಸಪ್ಪಳ ಕೇಳುತ್ತಿತ್ತು. ಆಗ ಅವನ ಬೆರಳ ತುದಿಗೆ ಆ ಗಾಜಿನ ತಣ್ಣನೆಯ ಹಸಿ ಮತ್ತೆ ಹತ್ತಿದಂತಾಗುತ್ತಿತ್ತು. ಬೆಂಕಿ ಆದ ಕಡೆ ನೀರು ಎಲ್ಲಿಂದ ಬಂತು ಎಂದು ಯಾರನ್ನು ಕೇಳುವುದು?

ಅದಾಗಿ ಎರಡು ವರ್ಷಕ್ಕೆ ಪಂಚಾಯತಿಯ ರೇಡಿಯೋ ಒಂದು ಸುದ್ದಿ ಹೇಳಿತು. ದೂರದ ಸಮುದ್ರದಲ್ಲಿ ಅಮೇರಿಕದವರು ಜಲಜನಕದ ಬಾಂಬು ಸಿಡಿಸಿದ್ದಾರೆ, ಒಂದು ನಡುಗಡ್ಡೆಯ ಮೇಲೇನೂ ಉಳಿದಿಲ್ಲ. ಚಾವಡಿಯಲ್ಲಿ ಕೂತವರ ಪೈಕಿ ಗೋಕಾಕದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಅಣ್ಣಪ್ಪ ಮಾಸ್ತರರಿದ್ದರು, ಬೀಗರ ಊರಿಗೆ ಬಂದವರು. ಜಲಜನಕ ಎಂದರೆ ಏನೆಂದು ಯಾರೋ ಕೇಳಿದರು. ಮಾಸ್ತರರಿಗೆ ಅಷ್ಟೇ ಸಾಕು.

"ಜಗತ್ತಿನಾಗ ಎಲ್ಲಾದಕ್ಕಿಂತ ಹಗುರ ಗಾಳಿ ಅದು. ಬಣ್ಣಿಲ್ಲ, ವಾಸನಿ ಇಲ್ಲ. ನೀವು ಕುಡಿಯೂ ನೀರಿನಾಗ ಐತಿ. ನೀರಿನಾಗ ಕರೆಂಟ್ ಬಿಟ್ಟರ ಗುಳ್ಳಿ ಆಗಿ ಏಳತೈತಿ. ಬ್ಯಾಟರಿ ಚಾರ್ಜ್ ಮಾಡೂ ಮುಂದ ನೋಡಿಲ್ಲೇನು?"

ಅಲ್ಲೇ ಕೂತಿದ್ದ ಧರಣೇಂದ್ರ ಎದ್ದು, ಸಾಲೆಯಲ್ಲಿ ಯಾವಾಗ ಸಿಗುತ್ತೀರೆಂದು ಮಾಸ್ತರರನ್ನು ಕೇಳಿದ.

ಮರುವಾರ ಅವನು ಗೋಕಾಕಕ್ಕೆ ಹೋದ. ಸಾಲೆ ಬಿಟ್ಟ ಮೇಲೆ ಮಾಸ್ತರರು ಅವನನ್ನು ಪ್ರಯೋಗದ ಕೋಣೆಗೆ ಕರೆದೊಯ್ದರು. ಸತುವಿನ ಚೂರುಗಳ ಮೇಲೆ ಆ್ಯಸಿಡ್ ಸುರಿದಾಗ ಅದೇ ಗುಳುಗುಳು. ಧರಣೇಂದ್ರ ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದು ನಿಂತ. ಎದ್ದ ಗಾಳಿಯನ್ನು ಒಂದು ಗಾಜಿನ ನಳಿಗೆಯಲ್ಲಿ ಹಿಡಿದ ಮಾಸ್ತರರು ಅದರ ಬಾಯಿಯನ್ನು ಕೆಳಗೆ ಮಾಡಿಯೇ ಇಟ್ಟುಕೊಂಡರು. ಕಡ್ಡಿ ಗೀರಿ ತೋರಿಸಿದರು. ಪಟ್ ಎಂದಿತು. ಉರಿ ಕಣ್ಣಿಗೆ ಕಂಡೂ ಕಾಣದಷ್ಟು. ನಳಿಗೆಯ ಒಳಮೈ ಮಾತ್ರ ಬೆವರಿತ್ತು.

"ಹೊಗಿ ಇಲ್ಲ, ಮಸಿ ಇಲ್ಲ. ಸುಟ್ಟರ ಹೊಳ್ಳಿ ನೀರಾ" ಎಂದರು ಮಾಸ್ತರರು. ಅವರಿಗೆ ಹುರುಪು ಬಂದಿತ್ತು. "ಬಾಂಬಿನ ಮಾತ ಬ್ಯಾರೆ, ಅದನ್ನ ಬಿಡ್ರಿ. ಸುಮ್ಮನ ಸುಟ್ಟರೂ ಪೆಟ್ರೋಲಿಗಿಂತ ಹೆಚ್ಚುಕಡಿಮಿ ಮೂರು ಪಟ್ಟು ಶಾಖ ಕೊಡತೈತಿ, ತೂಕಕ್ಕ ತೂಕ. ಮಳಿಗಾಲದಾಗ ನಮ್ಮ ಗೋಕಾಕ ಫಾಲ್ಸಿನ ನೀರು ಎಷ್ಟು ಸುಮ್ಮನ ಬಿದ್ದ ಹೊಕ್ಕೈತಿ? ಆ ಶಕ್ತಿಯಿಂದ ನೀರು ಒಡದು ಈ ಗಾಳಿ ತುಂಬಿಟ್ಟರ, ಬ್ಯಾಸಗ್ಯಾಗ ಹೊಳಿ ಬತ್ತಿದಾಗ ಅದನ್ನ ಸುಟ್ಟು ನಿಮ್ಮ ಗಿರಣಿ ನಡಸಬಹುದು. ಒಡಿಯಾಕ ಹಾಕಿದ್ದೆಲ್ಲಾ ಹೊಳ್ಳಿ ಬರಾಂಗಿಲ್ಲ ಖರೆ. ಹಿಡದಿಡೂದಂತೂ ಇನ್ನೂ ಕಷ್ಟ. ಆದರ ಒಂದ ಕಾಲಕ್ಕ ಆಗೇ ಆಕೈತಿ, ಬರದಿಟ್ಕೋರಿ."

ಧರಣೇಂದ್ರನಿಗೆ ಗಿರಣಿ ಬೇಕಾಗಿರಲಿಲ್ಲ. "ನಳಿಗಿ ಬಾಯಿ ಕೆಳಗ ಯಾಕ ಹಿಡದೀರಿ, ಮಾಸ್ತರ?"

"ಮ್ಯಾಲ ಮಾಡಿದರ ಹಾರಿ ಹೊಕ್ಕೈತಿ. ಎಲ್ಲಿ ಇದ್ದರೂ ಅದು ಮ್ಯಾಲನ ಹೋಗೂದು."

"ಕೋಣಿಯಾಗ ಇದ್ದರ? ಬಾಗಲಾ ತಗದಿದ್ದರ?"

"ಬಾಗಲಿಂದ ಏನಾಕೈತ್ರಿ? ಬಾಗಲಾ ತಗ್ಗಿನಾಗ ಇರತೈತಿ. ಅದು ಜಂತಿ ಕೆಳಗ ಹೋಗಿ ಕುಂಡ್ರತೈತಿ. ಮ್ಯಾಲ ಒಂದ ಕಿಂಡಿ ಇದ್ದರ ಸಾಕು, ಗಳಿಗಿ ಸೈತ ನಿಂದರಾಂಗಿಲ್ಲ."

ಧರಣೇಂದ್ರ ಹೊರಗೆ ಬಂದು ಸಾಲೆಯ ಮೆಟ್ಟಿಲ ಮೇಲೆ ಕೂತ. ತಮ್ಮನನ್ನು ಕೊಂದದ್ದು ದೆವ್ವವಲ್ಲ, ಮಾಯಪ್ಪನ ಬೀಡಿಯಲ್ಲ. ಹುಳುಗಳ ಮೇಲಿನ ಕರುಣೆಗೆ ತಾಯಿ ಹೊಲಿದುಕೊಟ್ಟ ಬಟ್ಟೆ. ಇದನ್ನು ಊರಿಗೆ ಹೇಳಿದರೆ ಮಾಯಪ್ಪ ಉಳಿಯುತ್ತಾನೆ, ತಾಯಿ ಉಳಿಯುವುದಿಲ್ಲ. ಇರುವೆ ಸತ್ತರೆ ಉಪವಾಸ ಮಾಡುವವಳು ಇದನ್ನು ಕೇಳಿ ಹೇಗೆ ಬದುಕಿಯಾಳು? ಅವನು ಊರಿಗೆ ಮರಳಿದ, ಗಿರಣಿ ತೆರೆದ, ಹಿಟ್ಟು ಬೀಸಿದ. ಯಾರೂ ಕೇಳಲಿಲ್ಲ, ಅವನು ಹೇಳಲಿಲ್ಲ. ಕೇಳಿದರೆ ಸುಳ್ಳು ಹೇಳಬೇಕಾದೀತೆಂದು ಮಾತು ಆ ಕಡೆ ಹೊರಳಿದೊಡನೆ ಎದ್ದು ಇಂಜಿನ್ನಿನ ಹತ್ತಿರ ಹೋಗುತ್ತಿದ್ದ. ಎರಡು ವರ್ಷ ಹೀಗೇ ಹೋಯಿತು. ಸಪ್ಪಳ ಮಾತ್ರ ಹೋಗಲಿಲ್ಲ, ಹೆಚ್ಚಾಯಿತು.

ಐವತ್ತಾರರ ಭಾದ್ರಪದ. ದಶಲಕ್ಷಣ ಪರ್ವದ ದಿನಗಳು, ಜಿನ್ನವ್ವ ಉಪವಾಸದಲ್ಲಿದ್ದಳು. ಸತ್ತೆವ್ವ ಬಂದು ಮನೆಯ ಕಟ್ಟೆಯ ಕೆಳಗೆ ನಿಂತಳು. ನಾಲ್ಕು ವರ್ಷದಲ್ಲಿ ಅವಳ ಮುಖ ಬತ್ತಿ ಇಷ್ಟೇ ಇಷ್ಟಾಗಿತ್ತು.

"ಸಾವ್ಕಾರ್ರ, ರೊಕ್ಕಾ ಕೇಳಾಕ ಬಂದಿಲ್ರಿ. ಮಗಳ ಲಗ್ನ ಕೌಜಲಗ್ಯಾಗ ಕೂಡಿತ್ರಿ. ಈಗ ಒಲ್ಲೆ ಅನ್ನಾಕತ್ತಾರ. ಮನಿ ಸುಟ್ಟಾವನ ಮಗಳು ಬ್ಯಾಡ ಅಂತಾರ. ನಿಮ್ಮ ಮಾತಂದರ ಎಲ್ಲಾರೂ ನಂಬತಾರ. ನನ್ನ ಗಂಡ ಮಾಡಿಲ್ಲಂತ ಒಂದ ಮಾತ ಹೇಳ್ರಿ."

ಧರಣೇಂದ್ರ ಕಂಬ ಹಿಡಿದು ನಿಂತ. ತಾಯಿ ಪಡಸಾಲೆಯಲ್ಲೇ ಕೂತಿದ್ದಾಳೆ. ಅರ್ಧ ಸತ್ಯವಾದರೂ ಸಾಕಾದೀತು ಎಂದುಕೊಂಡ. "ಮಾಯಪ್ಪ ಮಾಡಿಲ್ಲವ್ವ" ಎಂದ. "ಬ್ಯಾಟರಿಯಿಂದ ಒಂದ ಗಾಳಿ ಏಳತೈತಿ. ಧನ್ಯಾ ಕ್ಲಿಪ್ ಬಿಚ್ಚುಮುಂದ ಕಿಡಿ ಹಾರಿ ಅದಕ್ಕ ಹತ್ತೈತಿ. ಬೀಡಿದಲ್ಲ. ಕೌಜಲಗಿಗೆ ಬಂದು ಹೇಳತೇನಿ."

ಸತ್ತೆವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳತೊಡಗಿದಳು. ಒಳಗಿನಿಂದ ಜಿನ್ನವ್ವನ ದನಿ ಬಂತು.

"ಕ್ಲಿಪ್ಪು ದಿನಾ ಬಿಚ್ಚತಿದ್ದ ಅವ. ಕಿಡಿ ದಿನಾ ಹಾರತಿತ್ತು, ನಾನ ನೋಡೇನಿ. ಅವತ್ತ ಯಾಕ ಹತ್ತಿತು?"

ಧರಣೇಂದ್ರ ತಿರುಗಲಿಲ್ಲ.

"ಧರಣೇಂದ್ರಾ, ನಿನ್ನ ಕೇಳಾಕತ್ತೇನಿ. ಆ ಗಾಳಿ ಅದಕ್ಕೂ ಮೊದಲ ಎತ್ತ ಹೋಗತಿತ್ತು?"

ಗೊತ್ತಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಒಂದೇ ಮಾತು. ಅವನ ಬಾಯಿಗೆ ಅದು ಬರಲಿಲ್ಲ.

"ಮ್ಯಾಲ, ಅವ್ವಾ" ಎಂದ.

ಅವನು ಒಳಗೆ ಹೋಗಿ ನೋಡಿದಾಗ ಜಿನ್ನವ್ವ ಕೂತಲ್ಲೇ ಕೂತಿದ್ದಳು, ಎರಡೂ ಕೈ ಮಡಿಲಲ್ಲಿ ಬಿದ್ದಿದ್ದವು. ಅಳಲಿಲ್ಲ. ಆಮೇಲೆ ಗೋಡೆ ಹಿಡಿದು ಎದ್ದು ಹೊರಗೆ ಬಂದು ಸತ್ತೆವ್ವನ ಮುಂದೆ ನಿಂತಳು.

"ನಿನ್ನ ಗಂಡ ಮಾಡಿಲ್ಲವ್ವ. ನಾ ಮಾಡೇನಿ. ಆ ಕಿಂಡಿ ನಾ ಮುಚ್ಚಿಸಿದೆ."

ಕ್ಷಮಾವಳಿಯ ದಿನ ಆಕೆ ಬಸದಿಗೆ ಹೋಗಲಿಲ್ಲ. ಚಕ್ಕಡಿ ಕಟ್ಟಿಸು, ತುಕ್ಕಾನಟ್ಟಿಗೆ ಹೋಗಬೇಕು ಎಂದಳು. ಸೀಮೆ ದಾಟದ ನೇಮ ಮುರಿಯುತ್ತದೆ ಎಂದು ಇಂದುಬಾಯಿ ಹೆದರಿದಳು. "ಮುರೀಲಿ" ಎಂದಳು ಜಿನ್ನವ್ವ. ಹಾದಿಯುದ್ದಕ್ಕೂ ಗಾಲಿಯ ಕೆಳಗೆ ಏನೇನು ಸಾಯುತ್ತಿದೆಯೋ ಎಂದು ನೋಡಲು ಬಗ್ಗಲಿಲ್ಲ. ಧರಣೇಂದ್ರ ಪಕ್ಕದಲ್ಲಿ ಕೂತಿದ್ದ. ಮಗನ ಮುಖವನ್ನು ಆಕೆ ಒಮ್ಮೆಯೂ ನೋಡಲಿಲ್ಲ.

ಮಾಯಪ್ಪ ಗುಡಿಸಿಲ ಮುಂದೆ ಶೇಂಗಾ ಸುಲಿಯುತ್ತಿದ್ದ. ಅಂಗೈಯ ಚರ್ಮ ಸುಕ್ಕುಗಟ್ಟಿ ಬೆರಳುಗಳು ಪೂರ್ತಿ ಮಡಚುತ್ತಿರಲಿಲ್ಲ, ಕುಡುಗೋಲು ಹಿಡಿಯುವ ಕೆಲಸ ಅವನಿಂದ ಆಗುತ್ತಿರಲಿಲ್ಲ. ಜಿನ್ನವ್ವ ಇಳಿದು ಹೋಗಿ ಅವನ ಮುಂದೆ ಮಣ್ಣಿನಲ್ಲೇ ಕೂತು ಕೈಮುಗಿದಳು. ಎಲ್ಲವನ್ನೂ ಹೇಳಿದಳು. ಕೇಳದ ಕಿವಿಯ ಕಡೆಗಿದ್ದೇನೆಂದು ತಿಳಿದು ಇನ್ನೊಂದು ಪಕ್ಕಕ್ಕೆ ಸರಿದು ಮತ್ತೆ ಮೊದಲಿನಿಂದ ಹೇಳಿದಳು. "ನನ್ನ ಕ್ಷಮಾ ಮಾಡಪಾ" ಎಂದಳು.

ಮಾಯಪ್ಪ ಬಿಟ್ಟ ಕಣ್ಣು ಬಿಟ್ಟಂತೆ ಆಕೆಯನ್ನು ನೋಡಿದ. "ಅವ್ವಾರ, ಅವತ್ತ ನಾ ಗ್ವಾಡಿ ಬಾಜೂಕ ಕುಂತು ಬೀಡಿ ಸೇದೇನ್ರಿ. ಖರೇನ ಸೇದೇನಿ. ಕಿಡಿ ಹಾರಿ ಒಳಗ ಹೋಗಿರಬೇಕು, ಸಣ್ಣ ಸಾವ್ಕಾರ್ರನ್ನ ನಾನ ಕೊಂದೆ ಅಂತ ತಿಳಕೊಂಡೇನ್ರಿ. ಊರಾವ್ರು ಅಂದದ್ದು ಸುಳ್ಳಂತ ಒಂದ ದಿನ ಅನಿಸಲಿಲ್ರಿ. ಕಣ್ಣ ಮುಚ್ಚಿದರ ಬಾಗಲ್ದಾಗ ಬಂದ ನಿಂದರತಾರ್ರಿ ಅವರು. ದಿನಾ." ಕೈಯಲ್ಲಿದ್ದ ಶೇಂಗಾ ಕೆಳಗಿಟ್ಟ. "ಹಂಗಾರ ನಾ ಅಲ್ಲೇನ್ರಿ?"

"ನೀ ಅಲ್ಲಪಾ."

ಅವನು ಮಂಡಿಯಲ್ಲಿ ಮುಖವಿಟ್ಟು ಸಣ್ಣ ಹುಡುಗನಂತೆ ಬಿಕ್ಕಿಬಿಕ್ಕಿ ಅತ್ತ. ಜಿನ್ನವ್ವ ಅವನ ಬೆನ್ನ ಮೇಲೆ ಕೈಯಿಟ್ಟಳು. ಆಗಲೇ ಆಕೆಗೂ ಅಳು ಬಂತು. ಧರಣೇಂದ್ರನಿಗೆ ನಿಲ್ಲಲು ಜಾಗವೇ ಇಲ್ಲದಂತಾಯಿತು. ಇವನು ಊರಿನ ಅಪವಾದ ಹೊತ್ತಿದ್ದಾನೆ ಎಂದಷ್ಟೇ ತಾನು ತಿಳಿದಿದ್ದ. ತಮ್ಮನ ಕೊಲೆಯನ್ನೇ ಹೊತ್ತಿದ್ದಾನೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಮಾಯಪ್ಪ ಕಣ್ಣೊರೆಸಿಕೊಂಡು ತಲೆಯೆತ್ತಿದ.

"ಇದು ನಿಮಗ ಯಾವಾಗ ಗೊತ್ತಾತ್ರಿ, ಸಾವ್ಕಾರ್ರ?"

"ಎರಡ ವರ್ಷ ಆತು, ಮಾಯಪ್ಪ."

ಮಾಯಪ್ಪ ಶೇಂಗಾದ ಬುಟ್ಟಿಯನ್ನು ತನ್ನ ಕಡೆಗೆ ಎಳೆದುಕೊಂಡ.

ಧರಣೇಂದ್ರ ಕೌಜಲಗಿಗೆ ಹೋಗಿ ಹಿರಿಯರ ಮುಂದೆ ಎಲ್ಲವನ್ನೂ ಬಿಚ್ಚಿ ಹೇಳಿದ, ತಾಯಿಯ ಹೆಸರನ್ನೂ ಬಿಡಲಿಲ್ಲ. ಅವನ ಮಾತನ್ನು ಎಲ್ಲರೂ ನಂಬಿದರು. ಮುರಿದ ಲಗ್ನ ಮತ್ತೆ ಕೂಡಿತು. ಈ ಕಡೆಯ ಊರುಗಳೆಲ್ಲ ಮೈಸೂರು ರಾಜ್ಯಕ್ಕೆ ಸೇರಿದ ಆ ಚಳಿಗಾಲದಲ್ಲಿ ಮಾಯಪ್ಪ ಅಕ್ಷತೆ ಹಿಡಿದುಕೊಂಡು ತಾನೇ ಬಾಗೇವಾಡಿಗೆ ಬಂದ. ಮನೆಯ ಕಟ್ಟೆಯ ಹತ್ತಿರ ನಿಂತು ಜಿನ್ನವ್ವನ ಕೈಗೆ ಅಕ್ಷತೆ ಕೊಟ್ಟು, "ನೀವು ಬರಬೇಕ್ರಿ ಅವ್ವಾರ, ನೀವು ಬರೂತನಕ ಅಕ್ಕಿಕಾಳ ಬೀಳಾಂಗಿಲ್ಲ" ಎಂದ. ಇಂದುಬಾಯಿಯನ್ನೂ ಕರೆದ. ಧರಣೇಂದ್ರ ಗಿರಣಿಯಿಂದ ಕೈಯ ಹಿಟ್ಟು ಕೊಡವುತ್ತ ಬಂದು ಬಾಗಿಲಲ್ಲಿ ನಿಂತಿದ್ದ. ಮಾಯಪ್ಪ ಅವನಿಗೆ ಕೈಮುಗಿದ, ಚಲೋ ಅದೀರೇನ್ರಿ ಎಂದಷ್ಟೇ ಕೇಳಿದ, ಅಕ್ಷತೆಯ ಗಂಟನ್ನು ಹೆಗಲಿಗೆ ಹಾಕಿಕೊಂಡು ಗೋಕಾಕದ ಹಾದಿ ಹಿಡಿದ.